ಕುದುರೆ ಸವಾರನ ಹಣೆಬರಹ

ಎಲ್ಲ ರಾದ್ಧಾಂತಕ್ಕೂ ಕಾರಣ ಬೆಳಿಗ್ಗೆ ಗೋಡೆಗೆ ಅಂಟಿಸಿದ ಒಂದು ನಕ್ಷೆ. ಅದರಲ್ಲಿ ಮೂರು ಗೆರೆಗಳಿದ್ದವು. ನೀಲಿ ಗೆರೆ ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. ಕೆಂಪು ಗೆರೆ ಜಾರುಬಂಡೆಯ ಮೇಲೆ ಕೂತ ಮಗುವಿನ ಹಾಗೆ ಸುಯ್ಯನೆ ಕೆಳಗಿಳಿದಿತ್ತು. ಹಸಿರು ಗೆರೆಯೊಂದು ಇವರಿಬ್ಬರ ಜಗಳ ನನಗ್ಯಾಕೆ ಎಂಬಂತೆ ತಳದಲ್ಲೇ ತೆವಳಿಕೊಂಡಿತ್ತು. ನಕ್ಷೆಯ ಮುಂದೆ ಯಜಮಾನರು ಕೈ ಹಿಂದೆ ಕಟ್ಟಿ, ಮಗಳ ಮದುವೆ ಗೊತ್ತಾದವರ ಹಾಗೆ ಬೀಗುತ್ತಾ ನಿಂತಿದ್ದರು.

ಅದು ವೆಬ್‌ಸೈಟು ಕಟ್ಟಿಕೊಡುವ ಪುಟ್ಟ ಕಚೇರಿ. ಕೆಳಗಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರು, ಮೇಲಿನದರಲ್ಲಿ ಇವರು. ವೆಬ್‌ಸೈಟು ಕಟ್ಟುವ ತಂತ್ರಜ್ಞಾನಗಳಿಗೆ ಉದ್ದುದ್ದ ಇಂಗ್ಲಿಷ್ ಹೆಸರುಗಳಿವೆ, ಹೆಸರಿನ ಹಿಂದೆ ಬಾಲದ ಹಾಗೆ ಚುಕ್ಕಿ, ಅಂಕಿಗಳಿವೆ. ಅಷ್ಟೆಲ್ಲ ಹೇಳುವ ವ್ಯವಧಾನ ಇಲ್ಲಿ ಯಾರಿಗೂ ಇಲ್ಲ. ಎಲ್ಲಕ್ಕಿಂತ ಹಳೆಯದನ್ನು ಇವರು ಎತ್ತು ಎನ್ನುತ್ತಾರೆ. ನಿಧಾನ, ಆದರೆ ಎಷ್ಟು ಹೇರಿದರೂ ಎಳೆಯುತ್ತದೆ. ಆಮೇಲೆ ಬಂದದ್ದು ಕುದುರೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟಿರುವುದು ಚಿಗರೆ. ಚಿಗರೆಯ ಬಗ್ಗೆ ಮಾತಾಡುವವರು ಬೇಕಾದಷ್ಟಿದ್ದಾರೆ, ಹಿಡಿದವರಿಲ್ಲ. ಊರಲ್ಲೆಲ್ಲ ಕುದುರೆ, ಎತ್ತು ಎಂಬ ಈ ಹೆಸರುಗಳೇ ರೂಢಿಯಾಗಿ, ಗಿರಾಕಿಗಳೂ ಈಗ ಹಾಗೇ ಕೇಳುತ್ತಾರೆ.

ಊರಿನ ವೆಬ್‌ಸೈಟುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಆಗಾಗ ಎಣಿಸಿ ನಕ್ಷೆ ಬರೆಯುವವಳು ಇದೇ ಕಚೇರಿಯ ನಕ್ಷೆಯಕ್ಕ. ಅದನ್ನು ಯಜಮಾನರು ಊರಿಗೆಲ್ಲ ಹಂಚುತ್ತಿದ್ದರು. ಊರಿನ ಬೇರೆ ಕಚೇರಿಗಳವರೂ ಆ ನಕ್ಷೆಯನ್ನು ನೋಡಿಯೇ ಮುಂದಿನ ಹೆಜ್ಜೆ ಇಡುತ್ತಿದ್ದರು. ಇವತ್ತಿನ ನಕ್ಷೆಯಲ್ಲಿ ನೀಲಿ ಗೆರೆ ಕುದುರೆಯದು, ಕೆಂಪು ಎತ್ತಿನದು, ಹಸಿರು ಚಿಗರೆಯದು.

"ನೋಡಿದ್ರಾ ಕುದುರೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ. ನಾನು ಅವತ್ತೇ ಹೇಳಿದ್ದೆ," ಎಂದರು ಯಜಮಾನರು.

ಅವರು ಅವತ್ತು ಏನೂ ಹೇಳಿರಲಿಲ್ಲ. ಯಜಮಾನರಾದವರಿಗೆ ಭವಿಷ್ಯವಾಣಿಗಳು ಸಾಮಾನ್ಯವಾಗಿ ಆಮೇಲೆ ನೆನಪಾಗುತ್ತವೆ.

"ಇನ್ಮೇಲೆ ಈ ಕಚೇರೀಲಿ ಎತ್ತಿಗೆ ಜಾಗ ಇಲ್ಲ. ಎತ್ತು ಬಿಟ್ರೆ ಬೇರೆ ಗೊತ್ತಿಲ್ಲದೋರು ಬೇರೆ ಕೊಟ್ಟಿಗೆ ನೋಡ್ಕೋಬೇಕು."

ಎಲ್ಲರೂ ಮೊಂಡನ ಕಡೆ ತಿರುಗಿದರು. ಮೊಂಡ ಎಂಬುದು ಅವನಿಗೆ ಕಚೇರಿ ಇಟ್ಟ ಹೆಸರು. ಅವನು ಎಂದಿನಂತೆ ಕಿತ್ತಳೆ ಹಣ್ಣು ಸುಲಿಯುತ್ತಾ ಕೂತಿದ್ದ.

"ನಿನಗೆ ಕುದುರೆ ಬರುತ್ತೇನಪ್ಪಾ?"

"ಇಲ್ಲ ಸಾರ್."

"ಚಿಗರೆ?"

"ಅದನ್ನ ದೂರದಿಂದಾನೂ ನೋಡಿಲ್ಲ ಸಾರ್."

"ಹಾಗಾದ್ರೆ ಈ ತಿಂಗಳು ಮುಗಿಸ್ಕೊಂಡು ಹೊರಡಪ್ಪ. ಬೇಜಾರು ಮಾಡ್ಕೋಬೇಡ."

"ಆಗ್ಲಿ ಸಾರ್," ಎಂದು ಮೊಂಡ ಒಂದು ತೊಳೆ ಬಾಯಿಗೆ ಹಾಕಿಕೊಂಡ.

ಯಜಮಾನರ ಕಣ್ಣು ಈಗ ಬಚ್ಚಲ ಬಾಗಿಲಿನ ಪಕ್ಕದ ಮೇಜಿನತ್ತ ಹೊರಳಿತು. ಅಲ್ಲಿ ಕೂರುವವನೇ ನಮ್ಮ ಸವಾರ. ಕಚೇರಿಯಲ್ಲಿ ಕುದುರೆ ಬಲ್ಲವನು ಅವನೊಬ್ಬನೇ ಆದ್ದರಿಂದ ಈ ಬಿರುದು. ಬಿರುದು ಬಂದಿತ್ತು, ಒಳ್ಳೆಯ ಜಾಗ ಬಂದಿರಲಿಲ್ಲ. ಯಾರು ಕೈ ತೊಳೆದು ಬಂದರೂ ಆ ಬಾಗಿಲು ಅವನ ಮೊಣಕೈಗೆ ಬಡಿಯುತ್ತಿತ್ತು.

"ಸವಾರರೇ, ನಿಮ್ಮಲ್ಲೇನೂ ಎತ್ತಿನ ಚಾಳಿ ಉಳಿದಿಲ್ಲ ತಾನೇ?"

"ಎತ್ತಾ ಸಾರ್? ಅದಕ್ಕೆ ಕೊಂಬು ಯಾವ ಕಡೆ ಇರುತ್ತೆ ಅನ್ನೋದೇ ನನಗೆ ಮರೆತುಹೋಗಿದೆ," ಎಂದ ಸವಾರ.

ಎಲ್ಲರೂ ನಕ್ಕರು. ನಕ್ಷೆಯಕ್ಕನಿಗಂತೂ ನಗು ತಡೆಯಲಾಗದೆ ಚಹಾ ಚೆಲ್ಲಿತು.

ನಿಜ ಏನೆಂದರೆ, ಸವಾರನಿಗೆ ಎತ್ತು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಹಿಂದೊಮ್ಮೆ ಯಜಮಾನರು ಕುದುರೆ ಕಲಿಯಿರಿ ಎಂದಾಗ ಅವನು ಪುಸ್ತಕ ತಂದಿದ್ದು ಹೌದು. ಎರಡನೆಯ ಪುಟಕ್ಕೆ ನಿದ್ದೆ ಬಂದಿದ್ದೂ ಹೌದು. ಆದರೆ ಆ ಎರಡು ಪುಟಗಳಲ್ಲೇ ಒಂದು ಸಂಗತಿ ಅವನಿಗೆ ತಿಳಿದುಹೋಯಿತು. ಪ್ರತಿ ವೆಬ್‌ಸೈಟಿನ ನೆತ್ತಿಯಲ್ಲಿ, ನೋಡುವವರ ಕಣ್ಣಿಗೆ ಬೀಳದಂತೆ, 'ನನ್ನನ್ನು ಇಂಥದ್ದರಲ್ಲಿ ಕಟ್ಟಲಾಗಿದೆ' ಎಂಬ ಒಂದು ಸಾಲಿರುತ್ತದೆ. ಕಚೇರಿಯಲ್ಲಿ ಅದಕ್ಕೆ ಹಣೆಬರಹ ಎನ್ನುತ್ತಾರೆ. ಆ ಸಾಲನ್ನು ಅಳಿಸಿ ಬೇರೆ ಬರೆದರೆ ಕೇಳುವವರಿಲ್ಲ. ಸವಾರ ಎಂದಿನಂತೆ ಎತ್ತಿನಲ್ಲೇ ಸೈಟು ಕಟ್ಟಿದ, ಹಣೆಯ ಮೇಲೆ ಕುದುರೆ ಎಂದು ಬರೆದ. ಗಿರಾಕಿಗೆ ಖುಷಿ, ಯಜಮಾನರಿಗೆ ಖುಷಿ. ಆಮೇಲೆ ಅವನು ಹಳೆಯ ಸೈಟುಗಳ ಹಣೆಬರಹವನ್ನೂ ಬಿಡದೆ ತಿದ್ದಿದ. ಊರಿನ ಸೈಟುಗಳನ್ನು ಎಣಿಸುವ ನಕ್ಷೆಯಕ್ಕನ ಯಂತ್ರವೋ, ಬಾಗಿಲಲ್ಲಿ ನಿಂತು ಫಲಕ ಓದಿಕೊಂಡು ಹೋಗುವ ಅಂಚೆಯವನ ಜಾತಿಯದು. ಒಳಗೆ ಯಾರಿದ್ದಾರೆ ಎಂದು ಇಣುಕಿ ನೋಡುವ ಅಭ್ಯಾಸ ಅದಕ್ಕಿರಲಿಲ್ಲ.

"ಹಾಗಾದ್ರೆ ಒಳ್ಳೇದಾಯ್ತು," ಎಂದರು ಯಜಮಾನರು. "ಮಧ್ಯಾಹ್ನ ಬಸ್ ಕಂಪನಿ ಮೇಡಂ ಬರ್ತಾರೆ. ಅವರ ಟಿಕೆಟ್ ಸೈಟು ನೋಡ್ಕೊಳ್ಳೋಕೆ ಒಬ್ಬರು ಬೇಕಂತೆ. ಖಾಯಂ ಹುದ್ದೆ. ಬಾಗಿಲಿರೋ ಸ್ವಂತ ಕೋಣೆ. ನಿಮ್ಮ ಹೆಸರು ಹೇಳಿದ್ದೀನಿ. ಎದುರಿಗೆ ಕೂರಿಸಿ ಕೆಲಸ ಮಾಡಿಸಿ ನೋಡ್ತಾರಂತೆ, ಅಷ್ಟೇ."

ಬಾಗಿಲಿರುವ ಕೋಣೆ ಎಂದಾಗ ಸವಾರನ ಮೊಣಕೈ ರೋಮಾಂಚನಗೊಂಡಿತು. ಎದುರಿಗೆ ಕೂರಿಸಿ ಎಂದಾಗ ಅದೇ ಮೊಣಕೈ ಮೇಜಿನಿಂದ ಜಾರಿತು. ಸಿಕ್ಕಿಬಿದ್ದರೆ ಕೋಣೆ ಹಾಗಿರಲಿ, ಬಚ್ಚಲ ಪಕ್ಕದ ಮೇಜೂ ಇಲ್ಲ; ಮೊಂಡನ ಹಿಂದೆಯೇ ತಾನೂ ಗಂಟುಮೂಟೆ ಕಟ್ಟಬೇಕು. ತಲೆಯ ಮೇಲೆ ಕೈ ಹೊತ್ತುಕೊಳ್ಳಲು ಎತ್ತಿದ ಕೈಯನ್ನು ಅವನು ಹೇಗೋ ಕೆನ್ನೆಯ ಬಳಿ ನಿಲ್ಲಿಸಿಕೊಂಡ.

"ಏನಾಯ್ತು?"

"ಹಲ್ಲು ಸಾರ್. ತಡೆಯೋಕಾಗ್ತಿಲ್ಲ. ಮನೆಗೆ ಹೋಗಿ ಒಂಚೂರು..."

"ಮನೆಗ್ಯಾಕೆ? ಡಾಕ್ಟ್ರು ಕೆಳಗೇ ಇದ್ದಾರಲ್ಲ."

ಸವಾರ ಬೇಡ ಎನ್ನುವುದರೊಳಗೆ ನಕ್ಷೆಯಕ್ಕ ತನ್ನ ಹೂವಿನ ಷಾಲನ್ನು ಅವನ ಗದ್ದದಿಂದ ನೆತ್ತಿಗೆ ಬಿಗಿದು ಗಂಟು ಹಾಕಿದಳು. "ನಮ್ಮ ದೊಡ್ಡಪ್ಪ ಹಲ್ಲುನೋವನ್ನ ಅಲಕ್ಷ್ಯ ಮಾಡಿ ಕಿವಿ ಕಳ್ಕೊಂಡ್ರು," ಎಂದಳು. ಯಜಮಾನರು ಅವನ ರಟ್ಟೆ ಹಿಡಿದು ಮೆಟ್ಟಿಲಿಳಿಸಿ, ಡಾಕ್ಟರ ಕುರ್ಚಿಯಲ್ಲಿ ಕೂರಿಸಿಯೇ ಮೇಲೆ ಹೋದರು.

ಡಾಕ್ಟರು ಅವನನ್ನು ನೋಡಿ ಹಿಗ್ಗಿದರು. ಅವರ ವೆಬ್‌ಸೈಟು ಕಟ್ಟಿದವನು ಇವನೇ.

"ಏನು ಓಟ ಸಾರ್ ನಿಮ್ಮ ಕುದುರೇದು. ಮುಂಚೆ ಎತ್ತಿನದಿತ್ತಲ್ಲ, ಅದು ತೆರ್ಕೊಳ್ಳೋದ್ರೊಳಗೆ ಪೇಷಂಟಿನ ಹಲ್ಲು ತಾನಾಗೇ ಉದುರಿಹೋಗ್ತಿತ್ತು. ಈಗ ಮುಟ್ಟಿದ್ರೆ ಸಾಕು. ಷಾಲು ಸಡಿಲ ಮಾಡಿ ಬಾಯಿ ತೆಗೀರಿ."

ಮುಂಚೆ ಇದ್ದದ್ದೂ ಈಗ ಇರುವುದೂ ಒಂದೇ ಎತ್ತು. ಸವಾರ ಬಾಯಿ ತೆಗೆದಿದ್ದರಿಂದ ಅದನ್ನು ಹೇಳುವ ಪ್ರಸಂಗ ಬರಲಿಲ್ಲ.

ಡಾಕ್ಟರು ಕನ್ನಡಿ ತೂರಿಸಿ ಒಂದೊಂದೇ ಹಲ್ಲನ್ನು ತಟ್ಟಿ ನೋಡಿದರು. ಅವರ ಮುಖ ಗಂಭೀರವಾಯಿತು.

"ಹಲ್ಲೆಲ್ಲ ಕಲ್ಲಿನ ಹಾಗಿದೆ. ಒಂದರಲ್ಲೂ ಹುಳುಕಿಲ್ಲ."

"ಹಾಗಾದ್ರೆ ನಾನು ಹೊರಡ್ಲಾ?"

"ಎಲ್ಲಿಗೆ? ಹುಳುಕಿಲ್ದೆ ನೋಯ್ತಿದೆ ಅಂದ್ರೆ ಅದು ಬಹಳ ಆಳದ ನೋವು. ಒಂದನ್ನ ಕಿತ್ತೇ ನೋಡಬೇಕು. ಯಾವುದು ಅಂತ ನೀವೇ ಯೋಚನೆ ಮಾಡಿ ಹೇಳಿ, ನನ್ನದೇನೂ ಬಲವಂತ ಇಲ್ಲ," ಎಂದು ಡಾಕ್ಟರು ಇಕ್ಕಳ ತರಲು ಒಳಗೆ ಹೋದರು.

ಸವಾರ ಯೋಚನೆ ಮಾಡಲಿಲ್ಲ. ಡಾಕ್ಟರು ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆಯ ಸಮೇತ ಹಿಂಬಾಗಿಲಿನಿಂದ ಬೀದಿಗೆ ಹಾರಿದ.

ಈಗ ಉಳಿದಿದ್ದ ದಾರಿ ಒಂದೇ. ಮಧ್ಯಾಹ್ನದೊಳಗೆ ಒಂದಿಷ್ಟಾದರೂ ಕುದುರೆ ಕಲಿಯಬೇಕು. ಕಲಿಸುವವನು ಪಕ್ಕದ ಬೀದಿಯಲ್ಲೇ ಇದ್ದ, ಹೆಂಡತಿಯ ತಮ್ಮ. ಅವನ ತರಗತಿಯ ಬೋರ್ಡು ಕಟ್ಟಡಕ್ಕಿಂತ ದೊಡ್ಡದಿತ್ತು: 'ಇಲ್ಲಿ ಕುದುರೆ ಕಲಿಸಲಾಗುತ್ತದೆ. ಎತ್ತಿನ ಕಾಲ ಮುಗಿಯಿತು.' ಈ ಭಾವಮೈದನ ಮುಂದೆ ಕೈ ಚಾಚುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಮೇಲು ಎಂದು ಸವಾರನಿಗೆ ಅನ್ನಿಸದೆ ಇರಲಿಲ್ಲ. ಮದುವೆಯಾದ ಲಾಗಾಯ್ತು ಅವನು ಭಾವನನ್ನು ಅರ್ಧ ಮುಗುಳ್ನಗೆಯಲ್ಲೇ ಮಾತಾಡಿಸಿದವನು.

ಇವತ್ತು ಮಾತ್ರ ಪೂರ್ತಿ ನಕ್ಕ. "ಇದೇನು ಭಾವ ವೇಷ? ತಲೆಗೆ ಹೂವಿನ ಷಾಲು, ಕೊರಳಿಗೆ ಬಿಳಿ ಬಟ್ಟೆ?"

"ಅದು ಹಾಗಿರಲಿ, ಬಾಗಿಲು ಹಾಕು. ನನಗೆ ಕುದುರೆ ಕಲಿಸಿಕೊಡು."

"ತಮಾಷೆ ಮಾಡ್ಬೇಡಿ ಭಾವ."

"ನನಗೆ ಕುದುರೆ ಬರಲ್ಲ ಕಣೋ. ಯಾವತ್ತೂ ಬರ್ತಿರಲಿಲ್ಲ. ಮಧ್ಯಾಹ್ನ ಪರೀಕ್ಷೆ ಇದೆ. ನಿನ್ನ ಕಾಲು ಹಿಡೀತೀನಿ ಅಂತ್ಲೇ ಅಂದ್ಕೋ."

ಭಾವಮೈದನ ನಗು ಇಳಿದುಹೋಯಿತು. ಅವನು ಪಕ್ಕದ ಕೋಣೆಯಲ್ಲಿ ತುಂಬಿ ಕೂತಿದ್ದ ವಿದ್ಯಾರ್ಥಿಗಳ ಕಡೆ ಒಮ್ಮೆ ನೋಡಿ, ಬಾಗಿಲು ಹಾಕಿ ಚಿಲಕ ಜಡಿದ. ಆಮೇಲೆ ಬೆಂಚಿನ ಮೇಲೆ ಕುಸಿದ.

"ನನಗೂ ಬರಲ್ಲ ಭಾವ."

"ಮತ್ತೆ ಇಷ್ಟು ಜನಕ್ಕೆ ಏನು ಕಲಿಸ್ತಿದ್ದೀಯಾ?"

"ಎತ್ತೇ. ಕೊನೇ ದಿನ ಹಣೆಬರಹ ಬದಲಾಯಿಸೋದು ಹೇಳ್ಕೊಟ್ಟು ಕಳಿಸ್ತೀನಿ. ಊರಿನ ಎಲ್ಲ ಕಚೇರೀಲೂ ನನ್ನ ಹುಡುಗರೇ ಇರೋದು. ಒಬ್ಬರೂ ಇವತ್ತಿನವರೆಗೂ ದೂರು ಹೇಳಿಲ್ಲ."

ಸವಾರ ಅವನ ರಟ್ಟೆ ಹಿಡಿದ. "ಆ ಉಪಾಯ ನಿನಗೆ ಯಾರು ಹೇಳಿದ್ದು?"

"ಅಕ್ಕ."

ಒಂದು ಸಂಜೆ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದು ಸವಾರನಿಗೆ ನೆನಪಾಯಿತು. 'ಯಾರಿಗೂ ಹೇಳಬೇಡ' ಎಂದೂ ಹೇಳಿದ್ದ. ಅವಳು ಯಾರಿಗೂ ಹೇಳಿರಲಿಲ್ಲ. ತಮ್ಮ ಎಂದರೆ ಯಾರೋ ಅಲ್ಲವಲ್ಲ. ನಕ್ಷೆಯಲ್ಲಿ ಏಣಿ ಹತ್ತಿದ್ದ ಆ ನೀಲಿ ಗೆರೆ ಅವನ ಕಣ್ಣ ಮುಂದೆ ಬಂದು ನಿಂತಿತು. ಅದಕ್ಕೆ ಮೊದಲ ಮೆಟ್ಟಿಲು ಇಟ್ಟವನು ತಾನೇ. ಅದನ್ನು ನೋಡಿ ಊರು ಹಣೆಬರಹ ತಿದ್ದಿಕೊಂಡಿತ್ತು, ಊರು ತಿದ್ದಿಕೊಂಡಷ್ಟೂ ಗೆರೆ ಮೇಲೇರಿತ್ತು. ಆ ಗೆರೆಯೇ ಈಗ ಅವನ ಕತ್ತಿಗೆ ಉರುಳಾಗಿತ್ತು.

"ಹೋಗ್ಲಿ, ಈ ಊರಲ್ಲಿ ಕುದುರೆ ನಿಜವಾಗಿ ಗೊತ್ತಿರೋರು ಯಾರಾದ್ರೂ ಇದ್ದಾರಾ?" ಎಂದ ಕೊನೆಗೆ.

ಭಾವಮೈದ ಬಹಳ ಹೊತ್ತು ತಲೆ ಕೆರೆದುಕೊಂಡ. "ಒಬ್ಬರಿದ್ದಾರೆ ಅಂತ ಎಲ್ಲರೂ ಹೇಳ್ತಾರೆ ಭಾವ."

"ಯಾರು? ಬೇಗ ಹೇಳು."

"ನೀವು."

ಸವಾರ ಷಾಲಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಕಚೇರಿಯ ದಾರಿ ಹಿಡಿದ. ನಡೆಯುತ್ತಾ ನಡೆಯುತ್ತಾ ಅವನಿಗೆ ಧೈರ್ಯವೂ ಬಂತು. ಇಷ್ಟು ಕಾಲ ನಡೆದ ಉಪಾಯ ಇನ್ನೊಂದು ಮಧ್ಯಾಹ್ನ ನಡೆಯದೆ ಇರುತ್ತದೆಯೇ? ಮೇಡಂ ಎದುರಿಗೆ ಎತ್ತಿನಲ್ಲೇ ಕಟ್ಟುವುದು, ಅವರು ಚಹಾ ಕುಡಿಯುವಾಗ ಹಣೆಬರಹ ಬದಲಾಯಿಸುವುದು. ಮೆಟ್ಟಿಲು ಹತ್ತುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಸ್ವಂತ ಕೋಣೆಯ ಕಿಟಕಿಗೆ ಪರದೆ ಹಾಕಿಸುತ್ತಿದ್ದ.

ಬಸ್ ಕಂಪನಿಯ ಮೇಡಂ ಆಗಲೇ ಬಂದು ಕೂತಿದ್ದರು. ಎತ್ತರದ ನಿಲುವು, ನೇರ ಮಾತು. ಅವರ ಪಕ್ಕದಲ್ಲೇ ಹಲ್ಲಿನ ಡಾಕ್ಟರೂ ನಿಂತಿದ್ದರು; ಓಡಿಹೋದ ಪೇಷಂಟನ್ನೂ ತಮ್ಮ ಬಿಳಿ ಬಟ್ಟೆಯನ್ನೂ ಹುಡುಕಿಕೊಂಡು ಬಂದವರನ್ನು, ಸವಾರನ ಕೆಲಸಕ್ಕೆ ಸಾಕ್ಷಿಯಾಗಲೆಂದು ಯಜಮಾನರು ನಿಲ್ಲಿಸಿಕೊಂಡಿದ್ದರು.

"ಇವರೇ ಮೇಡಂ ನಮ್ಮ ಕುದುರೆ ಸವಾರರು," ಎಂದರು ಯಜಮಾನರು.

ಮೇಡಂ ಸವಾರನನ್ನು ನೋಡಲಿಲ್ಲ. ಗೋಡೆಯ ನಕ್ಷೆಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಈ ನಕ್ಷೆ ನಂಬಿಯೇ ನಾವು ಕೆಟ್ಟಿದ್ದು. ನಮ್ಮ ಸೈಟು ಎತ್ತಿನದು, ಚೆನ್ನಾಗೇ ಎಳೀತಿತ್ತು. ಕಾಲಕ್ಕೆ ತಕ್ಕ ಹಾಗೆ ಇರೋಣ ಅಂತ ಕುದುರೆಯವರನ್ನ ಕರೆಸಿದ್ವಿ. ಎಷ್ಟೊಂದು ಜನ ಬಂದ್ರು. ಎದುರಿಗೆ ಕೂರಿಸಿದ ತಕ್ಷಣ ಒಬ್ಬರಿಗೆ ಹೊಟ್ಟೆನೋವು, ಇನ್ನೊಬ್ಬರ ಅತ್ತೆಗೆ ಹುಷಾರಿಲ್ಲ, ಮತ್ತೊಬ್ಬರಿಗೆ ಹಲ್ಲುನೋವು."

ಸವಾರ ಷಾಲನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ತುರುಕಿದ. ಅರ್ಧ ಹೊರಗೇ ಉಳಿಯಿತು.

"ಹಾಗಾಗಿ ಕುದುರೆ ಸಹವಾಸ ಸಾಕು, ಎತ್ತೇ ಇರಲಿ ಅಂತ ತೀರ್ಮಾನ ಮಾಡಿದ್ದೀವಿ. ಈಗ ಎತ್ತು ಬಲ್ಲವರು ಬೇಕು. ಆದ್ರೆ ನಿಮ್ಮ ನಕ್ಷೆ ದಯದಿಂದ ಊರಲ್ಲಿ ಒಬ್ಬರೂ ಎತ್ತು ಬರುತ್ತೆ ಅಂತ ಒಪ್ಕೊಳ್ತಾ ಇಲ್ಲ. ನಿಮ್ಮಲ್ಲಿ ಯಾರಾದ್ರೂ ಇದ್ದಾರಾ?"

ಸವಾರನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಕುದುರೆಯ ಪರೀಕ್ಷೆಯೇ ತಪ್ಪಿಹೋಗಿತ್ತು, ಬಾಗಿಲಿರುವ ಕೋಣೆ ತಾನಾಗಿ ಕಾಲಬುಡಕ್ಕೆ ಬಂದು ಬಿದ್ದಿತ್ತು. ಅವನು ಒಂದೇ ನೆಗೆತಕ್ಕೆ ಮುಂದೆ ಬಂದ.

"ನಾನಿದ್ದೀನಿ ಮೇಡಂ. ಎತ್ತು ಅಂದ್ರೆ ನನಗೆ ಕರತಲಾಮಲಕ."

ಯಜಮಾನರು ಗಹಗಹಿಸಿ ನಕ್ಕರು. "ಇವರು ಹೀಗೇ ಮೇಡಂ, ಹಾಸ್ಯದ ಸ್ವಭಾವ. ಬೆಳಿಗ್ಗೆ ಇವರೇ ಹೇಳಿದ್ರು, ಎತ್ತಿಗೆ ಕೊಂಬು ಎಲ್ಲಿರುತ್ತೆ ಅನ್ನೋದೇ ಮರೆತಿದ್ದೀನಿ ಅಂತ."

"ಅದು ಬಾಯಿಮಾತಿಗೆ ಅಂದಿದ್ದು ಸಾರ್. ನಾನು ಕಟ್ಟಿದ್ದೆಲ್ಲ ಎತ್ತೇ."

"ಏನು ಹೇಳ್ತಿದ್ದೀರಿ?" ಎಂದು ನಕ್ಷೆಯಕ್ಕ ಮಧ್ಯೆ ಬಂದಳು. ಲೆಕ್ಕದ ವಿಷಯದಲ್ಲಿ ಅವಳು ಹೆತ್ತ ತಾಯಿಯನ್ನೂ ಬಿಡುವವಳಲ್ಲ. ಕಂಪ್ಯೂಟರಿನಲ್ಲಿ ಸವಾರ ಕಟ್ಟಿದ ಸೈಟುಗಳನ್ನು ಒಂದೊಂದಾಗಿ ತೆರೆದು, ಹಣೆಬರಹ ಓದಿ ತೋರಿಸಿದಳು. "ನೋಡಿ ಮೇಡಂ, ಕುದುರೆ. ಇದೂ ಕುದುರೆ. ಇದು ಡಾಕ್ಟ್ರದು, ಕುದುರೆ. ಇವರ ಕೈಯಲ್ಲಿ ಎತ್ತಿನದು ಒಂದೂ ಇಲ್ಲ. ಪಾಪ ಮೊಂಡನ ಹೊಟ್ಟೆ ಮೇಲೆ ಹೊಡೆಯೋಕೆ ಹೊರಟಿದ್ದಾರೆ."

"ಹಣೆಬರಹ ನೋಡಬೇಡಿ ಅಕ್ಕ. ಅದನ್ನ ನಾನೇ ಬರೆದಿದ್ದು. ಒಳಗೆ..."

ಅವನ ಕಣ್ಣು ಡಾಕ್ಟರ ಮೇಲೆ ಬಿತ್ತು.

"ಒಳಗೆ ಏನು?" ಎಂದರು ಹಲ್ಲಿನ ಡಾಕ್ಟರು. ಅವರ ಕೈಯಲ್ಲಿ ಇಕ್ಕಳ ಇತ್ತು. "ನನ್ನ ಸೈಟು ಕುದುರೇದು ತಾನೇ?"

ಯಜಮಾನರ ನಗು ಎಲ್ಲಿಗೋ ಹೋಗಿತ್ತು. "ಒಳಗೆ ಏನು ಸವಾರರೇ? ನಮ್ಮ ಗಿರಾಕಿಗಳಿಗೆಲ್ಲ ನಾವು ಕೊಟ್ಟಿರೋದೇನು?" ಎಂದು ಬಹಳ ಮೆಲ್ಲಗೆ ಕೇಳಿದರು. ಯಜಮಾನರು ಮೆಲ್ಲಗೆ ಮಾತಾಡಿದ್ದನ್ನು ಆ ಕಚೇರಿ ಅದೇ ಮೊದಲು ಕೇಳಿದ್ದು.

ಸವಾರ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ. ಎತ್ತು ಎಂದರೆ ಮೋಸಗಾರ. ಕುದುರೆ ಎಂದರೆ ಕೋಣೆ ಹೋಯಿತು. ಸಹಾಯಕ್ಕಾಗಿ ಮೊಂಡನ ಕಡೆ ನೋಡಿದ. ಕಚೇರಿಯಲ್ಲಿ ಈ ಗುಟ್ಟು ಗೊತ್ತಿದ್ದವನು ಮೊಂಡ ಒಬ್ಬನೇ; ಅವನಿಗೆ ಸವಾರನೇ ಒಮ್ಮೆ ಹೇಳಿಕೊಟ್ಟಿದ್ದ. ಮೊಂಡ ಕಿತ್ತಳೆಯ ಬೀಜ ಆರಿಸುವುದರಲ್ಲಿ ಮುಳುಗಿಹೋಗಿದ್ದ.

"ಒಳಗೂ ಕುದುರೇನೇ ಸಾರ್," ಎಂದ ಸವಾರ. ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಹಾಗಾದ್ರೆ ಎತ್ತು ಬರೋದು ಯಾರಿಗೆ?" ಎಂದರು ಮೇಡಂ.

"ನನಗೆ ಮೇಡಂ. ಅದೊಂದೇ," ಎಂದ ಮೊಂಡ, ತೊಳೆ ನುಂಗಿ. ನಕ್ಷೆಯಕ್ಕ ಅವನ ಸೈಟುಗಳನ್ನು ತೆರೆದಳು. ಎಲ್ಲದರ ಹಣೆಯ ಮೇಲೂ ಎತ್ತು. ಮೇಡಂ ಎದ್ದು ಅವನ ಕೈ ಕುಲುಕಿದರು. ಇಂಥ ಪ್ರಾಮಾಣಿಕರು ಈ ಕಾಲದಲ್ಲಿ ಸಿಗುವುದಿಲ್ಲ ಎಂದರು. ಇವನನ್ನು ಬೆಳೆಸಿದ್ದೇ ನಾನು ಎಂದರು ಯಜಮಾನರು.

ಮೇಡಂ ಜೊತೆ ಹೊರಡುವ ಮುಂಚೆ ಮೊಂಡ ಸವಾರನ ಮೇಜಿನ ಬಳಿ ಬಂದು ಬಗ್ಗಿ ಪಿಸುಗುಟ್ಟಿದ. "ನೀವು ಹಣೆಬರಹ ಬದಲಾಯಿಸೋದು ಹೇಳ್ಕೊಟ್ಟಿದ್ರಲ್ಲ, ನಾನೂ ಬದಲಾಯಿಸ್ಬೇಕು ಅಂತಾನೇ ಇದ್ದೆ. ಹಾಳು ಸೋಮಾರಿತನ. ನಾಳೆ ಮಾಡೋಣ, ನಾಳೆ ಮಾಡೋಣ ಅಂತ ಉಳಿದೇಹೋಯ್ತು." ಉಳಿದಿದ್ದ ಎರಡು ತೊಳೆಗಳನ್ನು ಮೇಜಿನ ಮೇಲಿಟ್ಟು ಅವನು ಹೋದ.

ಸವಾರ ಗುಟ್ಟಾಗಿ ಕಂಪ್ಯೂಟರಿನ ಕಡೆ ಕೈ ಚಾಚಿದ. ಇವತ್ತೇ ಎಲ್ಲ ಹಣೆಬರಹಗಳನ್ನೂ ವಾಪಸು ಎತ್ತು ಮಾಡಿಬಿಟ್ಟರೆ, ಮುಂದೊಂದು ದಿನ ಇನ್ನೊಂದು ಬಸ್ ಕಂಪನಿ ಬರದೆ ಇರುತ್ತದೆಯೇ?

"ಗಾಬರಿಯಾಗ್ಬೇಡಿ," ಎಂದಳು ನಕ್ಷೆಯಕ್ಕ ಪ್ರೀತಿಯಿಂದ. "ಆ ಸಾಲು ಯಾರು ಬೇಕಾದ್ರೂ ತಿದ್ದಬಹುದು ಅಂತ ನಿಮ್ಮ ಮಾತಿಂದ ಗೊತ್ತಾಯ್ತು. ನಿಮ್ಮ ಸೈಟುಗಳಿಗೆಲ್ಲ ಈಗಷ್ಟೇ ಬೀಗ ಹಾಕಿದ್ದೀನಿ. ಇನ್ನು ದೇವರು ಬಂದ್ರೂ ನಿಮ್ಮ ಕುದುರೇನ ಅಳಿಸೋಕಾಗಲ್ಲ."

ಬಚ್ಚಲ ಬಾಗಿಲು ತೆರೆದು ಯಜಮಾನರು ಕೈ ಒರೆಸಿಕೊಳ್ಳುತ್ತಾ ಬಂದರು. ಬಾಗಿಲು ಸವಾರನ ಮೊಣಕೈಗೆ ಬಡಿಯಿತು.

"ಮೇಡಂ ಹೇಳಿದ್ದು ಕೇಳಿದ್ರಲ್ಲ, ಊರಲ್ಲಿರೋ ಕುದುರೆಯವರೆಲ್ಲ ಡೋಂಗಿಗಳು. ಅಸಲಿ ಅಂತ ಉಳಿದಿರೋರು ನೀವೊಬ್ರೇ. ನಾಳೆ ಬೆಳಿಗ್ಗೆಯಿಂದ ನಮಗೆಲ್ಲ ನೀವೇ ಕುದುರೆ ಪಾಠ ಮಾಡಬೇಕು. ಬೇರೆ ಕಚೇರಿಯವರನ್ನೂ ಈಗಷ್ಟೇ ಫೋನಲ್ಲಿ ಕರೆದಿದ್ದೀನಿ. ನಿಮ್ಮ ಭಾವಮೈದನೂ ನಗ್ತಾ ನಗ್ತಾ, ಮುಂದಿನ ಸಾಲಲ್ಲೇ ಜಾಗ ಇಡಿ ಅಂದಿದ್ದಾರೆ."

ಸವಾರನ ಕೈ ತಾನಾಗಿ ಕೆನ್ನೆಗೆ ಹೋಯಿತು.

ಇನ್ನೂ ಬಾಗಿಲ ಬಳಿಯೇ ನಿಂತಿದ್ದ ಹಲ್ಲಿನ ಡಾಕ್ಟರ ಮುಖ ಅರಳಿತು. ಅವರು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು. "ಮತ್ತೆ ಶುರುವಾಯ್ತಾ? ನಾನು ಹೇಳ್ಲಿಲ್ವಾ, ಬಹಳ ಆಳದ್ದು ಅಂತ. ಯಾವ ಹಲ್ಲು ಅನ್ನೋದು ತೀರ್ಮಾನ ಮಾಡಿದ್ರಾ?"

ಸವಾರ ಎದ್ದು, ಕೊರಳಿನ ಬಿಳಿ ಬಟ್ಟೆಯನ್ನು ತಾನೇ ಸರಿಪಡಿಸಿಕೊಂಡು, ಮೆಟ್ಟಿಲ ಕಡೆ ನಡೆದ.

"ಯಾವುದಾದ್ರೂ ಸರಿ ಡಾಕ್ಟ್ರೇ," ಎಂದ. "ನಾಳೆ ಬಾಯಿ ತೆಗೆಯೋಕಾಗದ ಹಾಗಿದ್ರೆ ಸಾಕು."